ಕೂತಾಗ 130, ನಿಂತಾಗ 90: ಪಾರ್ಕಿನ್ಸನ್ ಇರುವವರ ಬಿಪಿಯನ್ನು ಮನೆಯಲ್ಲಿ ನೋಡಿಕೊಳ್ಳುವ ಬಗೆ

ಪಾರ್ಕಿನ್ಸನ್ ಇರುವ ಹಿರಿಯರು ಮನೆಯಲ್ಲಿ ಬಿದ್ದರೆ ಸಂಶಯ ಮೊದಲು ಹೋಗುವುದು ಅವರ ಕಾಲಿನ ಮೇಲೆ, ನಡಿಗೆಯ ಮೇಲೆ, ಕನ್ನಡಕದ ಮೇಲೆ. ಬಿಪಿಯ ಮೇಲೆ ಹೋಗುವುದಿಲ್ಲ. ಕಳೆದ ತಿಂಗಳು ಮಂಗಳೂರಿಗೆ ಹೋಗಿ ನೋಡಿಸಿದ್ದಾಗ 130/80 ಇತ್ತಲ್ಲ! ಆ ಅಂಕಿ ಸುಳ್ಳೇನಲ್ಲ, ಆದರೆ ಅದು ಕುರ್ಚಿಯಲ್ಲಿ ಕೂತಿದ್ದಾಗಿನ ಅಂಕಿ. ಅದೇ ವ್ಯಕ್ತಿ ಎದ್ದು ನಿಂತು ಮೂರು ನಿಮಿಷವಾಗುವಾಗ 90/60ಕ್ಕೆ ಇಳಿದಿರಬಹುದು, ರಾತ್ರಿ ಅಂಗಾತ ಮಲಗಿದಾಗ 160 ದಾಟಿರಬಹುದು. ಮೂರೂ ಒಂದೇ ದಿನದ ಲೆಕ್ಕ. ಹಾಗಾಗಿ ಈ ಕಾಯಿಲೆಯಲ್ಲಿ 'ಬಿಪಿ ಎಷ್ಟು?' ಎಂದು ಕೇಳಿದರೆ ಸಾಲದು, 'ಯಾವ ಭಂಗಿಯಲ್ಲಿ, ಯಾವ ಹೊತ್ತಿನಲ್ಲಿ?' ಎಂದೂ ಕೇಳಬೇಕು. ಮುಂದೆ ಹೇಳುವ ನೀರು, ಉಪ್ಪು, ಮಂಚ, ಮಾತ್ರೆ ಎಲ್ಲದಕ್ಕೂ ಈ ಎರಡು ಪ್ರಶ್ನೆಗಳೇ ಆಧಾರ.

ನಾವು ಎದ್ದು ನಿಂತಾಗ ಅರ್ಧದಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಹೊಟ್ಟೆಗೂ ಕಾಲುಗಳಿಗೂ ಇಳಿಯುತ್ತದೆ. ಆರೋಗ್ಯವಂತರಲ್ಲಿ ನರಗಳು ಕೆಲವೇ ಸೆಕೆಂಡುಗಳಲ್ಲಿ ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕವನ್ನು ಬಿಟ್ಟು ರಕ್ತನಾಳಗಳನ್ನು ಬಿಗಿ ಮಾಡುತ್ತವೆ, ಎದೆಬಡಿತ ಸ್ವಲ್ಪ ಏರುತ್ತದೆ, ತಲೆಗೆ ರಕ್ತ ತಪ್ಪುವುದಿಲ್ಲ. ಪಾರ್ಕಿನ್ಸನ್‌ನಲ್ಲಿ ಮಿದುಳಿನಲ್ಲಿ ಸೇರಿಕೊಳ್ಳುವ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು ಈ ನರಗಳಲ್ಲೂ, ಹೃದಯಕ್ಕೆ ಹೋಗುವ ನರದ ಎಳೆಗಳಲ್ಲೂ ಸೇರಿಕೊಂಡು ಅವುಗಳನ್ನು ಹಾಳುಮಾಡುತ್ತದೆ. ಆಗ ನಿಂತರೂ ನಾಳ ಬಿಗಿಯುವುದಿಲ್ಲ. ಈ ತೊಂದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಇರುತ್ತದೆ, ಕಾಯಿಲೆ ಹಳೆಯದಾದಷ್ಟೂ ಹೆಚ್ಚು. ಕಾಯಿಲೆ ಶುರುವಾದ ಒಂದೆರಡು ವರ್ಷಗಳಲ್ಲೇ ಬಿಪಿ ವಿಪರೀತ ಇಳಿಯತೊಡಗಿ, ಮೂತ್ರದ ತೊಂದರೆಯೂ ಜತೆಗೂಡಿದರೆ ನರರೋಗ ತಜ್ಞರಿಗೆ ಅದನ್ನು ಒತ್ತಿ ಹೇಳಿ. ಪಾರ್ಕಿನ್ಸನ್‌ನಂತೆಯೇ ಕಾಣುವ, ಆದರೆ ಬೇರೆಯದೇ ಆದ ಎಂಎಸ್‌ಎ (ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ) ಎಂಬ ಕಾಯಿಲೆಯನ್ನು ಅವರು ಆಗ ಪರಿಶೀಲಿಸಬೇಕಾಗುತ್ತದೆ.

'ತಲೆ ತಿರುಗುತ್ತದೆ' ಎಂದಷ್ಟೇ ಹೇಳಬೇಡಿ

ನಮ್ಮ ಭಾಷೆಯಲ್ಲಿ ತಲೆ ತಿರುಗುವುದು ಎಂಬ ಒಂದೇ ಮಾತಿನೊಳಗೆ ಎರಡು ಬೇರೆ ಸಂಗತಿಗಳಿವೆ. ಮನೆ, ಮಾಡು, ಗೋಡೆ ಗರಗರ ಸುತ್ತಿದಂತೆ ಆಗುವುದು ಒಂದು. ಅದು ಹೆಚ್ಚಾಗಿ ಒಳಕಿವಿಯ ತೊಂದರೆ. ಎದ್ದ ಮೇಲೆ ಕಣ್ಣು ಕತ್ತಲೆ ಬಂದು, ಮಾತು ದೂರದಿಂದ ಕೇಳಿದಂತಾಗಿ, ಕಾಲು ಸೋತು, ಕೂತರೆ ಅಥವಾ ಮಲಗಿದರೆ ಸರಿಹೋಗುವುದು ಇನ್ನೊಂದು. ಇದು ಬಿಪಿ. ಕಾಸರಗೋಡಿನ ಆಸ್ಪತ್ರೆಗಳಲ್ಲಿ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ತೆಂಕಣ ಜಿಲ್ಲೆಗಳಿಂದ ಬಂದ ಡಾಕ್ಟರ ಹತ್ತಿರ ಮಲಯಾಳದಲ್ಲಿ 'ತಲಕರಕ್ಕಂ' (ತಲೆಸುತ್ತು) ಎಂದು ಹೇಳಿ ಮುಗಿಸಿದರೆ ಅವರಿಗೆ ಯಾವ ಬಗೆಯದೆಂದು ತಿಳಿಯುವುದಿಲ್ಲ. 'ನಿಲ್ಕುಂಬೋಳ್ ಕಣ್ಣಿಲ್ ಇರುಟ್ಟು ಕಯರುನ್ನು', ಅಂದರೆ ನಿಂತಾಗ ಕಣ್ಣಿಗೆ ಕತ್ತಲೆ ಕಟ್ಟುತ್ತದೆ ಎಂದು ಹೇಳಿ. 'ಕಿಡಕ್ಕುಂಬೋಳ್ ಶರಿಯಾಗುಂ', ಮಲಗಿದರೆ ಸರಿಯಾಗುತ್ತದೆ ಎಂದೂ ಸೇರಿಸಿ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ತಲೆಸುತ್ತು ಎಂದ ಕೂಡಲೆ ಔಷಧಿ ಅಂಗಡಿಯಲ್ಲೂ ಸಣ್ಣ ಕ್ಲಿನಿಕ್ಕುಗಳಲ್ಲೂ ಕೈಗೆ ಬರುವ ಮಾತ್ರೆಗಳು ಪ್ರೋಕ್ಲೋರ್‌ಪೆರಾಜಿನ್, ಸಿನ್ನರಿಜಿನ್, ಫ್ಲುನಾರಿಜಿನ್. ಪಾರ್ಕಿನ್ಸನ್ ಇರುವವರ ಮಿದುಳಿನಲ್ಲಿ ಮೊದಲೇ ಕಡಿಮೆಯಾಗಿರುವ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ಮೂರೂ ತಡೆಯುತ್ತವೆ. ಅಂದರೆ ಪಾರ್ಕಿನ್ಸನ್ ಕಾಯಿಲೆಯ ಮುಖ್ಯ ಮಾತ್ರೆಯಾದ ಲೆವೊಡೋಪಾ ಕೊಟ್ಟು ತುಂಬಿಸುತ್ತಿರುವುದನ್ನು ಇನ್ನೊಂದು ಕೈಯಿಂದ ಚೆಲ್ಲಿದಂತೆ. ಕೈ ನಡುಗುವುದು, ಮೈ ಬಿಗಿಯುವುದು, ನಡಿಗೆ ಕಟ್ಟುವುದು ಹೆಚ್ಚುತ್ತದೆ, ಬಿಪಿಗೆ ಮಾತ್ರ ಕಾಸಿನ ಉಪಕಾರವಿಲ್ಲ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಕೂಡ ಇದೇ ಜಾತಿಯದು. ಈ ನಾಲ್ಕು ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಡಿ. ಹೆಸರು ಹೋಲಿಸುವಾಗ ಮಾತ್ರೆಯ ಪಟ್ಟಿಯ ಮೇಲಿನ ದೊಡ್ಡ ಅಕ್ಷರದ ಬ್ರಾಂಡ್ ಬೇಡ, ಕೆಳಗಿನ ಸಣ್ಣ ಅಕ್ಷರದ ಔಷಧದ ಹೆಸರು ನೋಡಿ.

ಕಣ್ಣು ಕತ್ತಲೆ ಬಾರದೆಯೂ ಬಿಪಿ ಇಳಿಯಬಹುದು. ಕುತ್ತಿಗೆಯ ಹಿಂದೆ ಮತ್ತು ಎರಡೂ ಭುಜಗಳಲ್ಲಿ, ಅಂಗಿ ತೂಗುಹಾಕುವ ಹ್ಯಾಂಗರಿನ ಆಕಾರದಲ್ಲಿ ಬರುವ ನೋವು ಇದರ ಗುರುತುಗಳಲ್ಲೊಂದು. ನಿಂತಷ್ಟು ಹೊತ್ತು ನೋವು, ಮಲಗಿದರೆ ಮಾಯ. ಬೆಳಗ್ಗೆ ಹೊತ್ತು ಮಂಕಾಗಿರುವುದು, ಕೇಳಿದ್ದಕ್ಕೆ ತಡವಾಗಿ ಉತ್ತರಿಸುವುದು, ಪೇಪರ್ ಓದಲು ಅಕ್ಷರ ಮಸುಕಾಗುವುದು, ನಿಂತಾಗ ಏದುಸಿರು, ಕಾರಣವಿಲ್ಲದ ಸುಸ್ತು ಕೂಡ ಬಿಪಿಯಿಂದಲೇ ಇರಬಹುದು. ಮನೆಯವರು ಇದನ್ನು 'ಮಾತ್ರೆಯ ಪವರ್ ಮುಗಿಯಿತು' ಎಂದುಕೊಂಡು ಮುಂದಿನ ಲೆವೊಡೋಪಾವನ್ನು ಬೇಗ ಕೊಟ್ಟುಬಿಡುತ್ತಾರೆ. ಆ ಮಾತ್ರೆ ಬಿಪಿಯನ್ನು ಇನ್ನಷ್ಟು ಇಳಿಸುತ್ತದೆ. ಎರಡನ್ನೂ ಬೇರೆ ಮಾಡಿ ತಿಳಿಯಲು ಸುಲಭದ ಪರೀಕ್ಷೆ: ಐದು ನಿಮಿಷ ಮಲಗಿಸಿ ನೋಡಿ. ಮಲಗಿದ್ದರಿಂದ ಗೆಲುವಾದರೆ ಬಿಪಿ. ಮಲಗಿದರೂ ಬಿಗಿತ, ನಡುಕ ಹಾಗೇ ಇದ್ದರೆ ಮಾತ್ರೆಯ ಹೊತ್ತು ಮುಗಿದಿರಬೇಕು.

ಅಳೆಯುವ ಕ್ರಮ

ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರ ಸಾಕು. ಮಣಿಕಟ್ಟಿಗೆ ಕಟ್ಟುವುದು ಬೇಡ, ಅದು ಕೈಯ ಎತ್ತರ ಸ್ವಲ್ಪ ಬದಲಾದರೂ ತಪ್ಪು ಹೇಳುತ್ತದೆ. ನಡುಕ ಕಡಿಮೆ ಇರುವ ತೋಳನ್ನು ಆರಿಸಿ, ಪ್ರತಿ ಸಲವೂ ಅದೇ ತೋಳು. ನಡುಗುವ ಕೈಗೆ ಕಟ್ಟಿದರೆ ಯಂತ್ರ 'ಎರರ್' ತೋರಿಸುತ್ತದೆ, ಇಲ್ಲವೇ ಸಿಕ್ಕಿದ ಅಂಕಿಯನ್ನು ತೋರಿಸುತ್ತದೆ. ಎರಡನೆಯದು ಹೆಚ್ಚು ಅಪಾಯ.

ಬೆಳಗ್ಗೆ ಮಾತ್ರೆ ಕೊಡುವ ಮೊದಲು, ಏಳುವ ಮೊದಲು, ಹಾಸಿಗೆಯಲ್ಲೇ ಐದು ನಿಮಿಷ ಅಂಗಾತ ಮಲಗಿದ್ದಾಗ ಒಮ್ಮೆ ಅಳೆಯಿರಿ. ಬಿಪಿಯ ಎರಡು ಅಂಕಿ, ಪಲ್ಸ್ ಒಂದು ಅಂಕಿ, ಮೂರನ್ನೂ ಬರೆಯಿರಿ. ತೋಳಿಗೆ ಕಟ್ಟಿದ ಪಟ್ಟಿ ಬಿಚ್ಚಬೇಡಿ. ಆಮೇಲೆ ಎದ್ದು ನಿಲ್ಲಿಸಿ. ನಿಂತು ಒಂದು ನಿಮಿಷಕ್ಕೆ ಒಮ್ಮೆ, ಮೂರು ನಿಮಿಷಕ್ಕೆ ಮತ್ತೊಮ್ಮೆ ಅಳೆಯಿರಿ. ನಿಂತಿರುವಾಗ ಒಬ್ಬರು ಪಕ್ಕದಲ್ಲಿರಲೇಬೇಕು, ಹಿಂದುಗಡೆ ಮಂಚ ಇರಲಿ. ಕಣ್ಣು ಕತ್ತಲೆ ಬಂದರೆ ಆ ಕ್ಷಣವೇ ಕೂರಿಸಿ. ಮೂರು ನಿಮಿಷ ಪೂರ್ತಿ ಮಾಡಬೇಕೆಂಬ ಹಟ ಬೇಡ. 'ಒಂದೂವರೆ ನಿಮಿಷಕ್ಕೆ ನಿಲ್ಲಲು ಆಗಲಿಲ್ಲ' ಎಂದು ಬರೆದರೆ ಡಾಕ್ಟರಿಗೆ ಅದೂ ಒಂದು ಮಾಹಿತಿಯೇ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪೊಂದಿದೆ. ನಿಂತಾಗ ಕೈಯನ್ನು ಕೆಳಗೆ ಇಳಿಬಿಟ್ಟೇ ಅಳೆಯುತ್ತಾರೆ. ಪಟ್ಟಿ ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಅಂಕಿ 7–8ರಷ್ಟು ಹೆಚ್ಚಾಗಿ ಬರುತ್ತದೆ. ಇಳಿದದ್ದು ಮರೆಯಾಗಿ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ನಿಂತಾಗಲೂ ಮೊಣಕೈಯನ್ನು ಯಾರಾದರೂ ಹಿಡಿದು, ಅಥವಾ ಎತ್ತರದ ಮೇಜಿನ ಮೇಲೆ ಇಟ್ಟು, ಪಟ್ಟಿ ಎದೆಯ ಮಟ್ಟದಲ್ಲಿರುವಂತೆ ನೋಡಿ.

ಮಲಗಿದ್ದಾಗಿನ ಮೇಲಿನ ಅಂಕಿಗಿಂತ ನಿಂತಾಗಿನದು 20 ಅಥವಾ ಹೆಚ್ಚು ಇಳಿದರೆ, ಇಲ್ಲವೇ ಕೆಳಗಿನ ಅಂಕಿ 10 ಅಥವಾ ಹೆಚ್ಚು ಇಳಿದರೆ ತೊಂದರೆ ಇದೆ ಎಂದರ್ಥ. ಮಲಗಿ ಅಳೆಯಲು ಆಗದಿದ್ದರೆ ಕೂತು, ನಿಂತು ಅಳೆಯಬಹುದು. ಆಗ 15 ಮತ್ತು 7 ಇಳಿದರೂ ಗಮನಿಸಬೇಕು. ಪಲ್ಸ್ ಯಾಕೆ ಬರೆಯಬೇಕು ಎಂಬುದಕ್ಕೆ ಒಂದು ಲೆಕ್ಕ: ಮಲಗಿದಾಗ 148/86, ಪಲ್ಸ್ 72. ನಿಂತು ಮೂರು ನಿಮಿಷಕ್ಕೆ 108/66, ಪಲ್ಸ್ 78. ಬಿಪಿ ಇಳಿದದ್ದು 40, ಪಲ್ಸ್ ಏರಿದ್ದು 6. ಆರನ್ನು ನಲವತ್ತರಿಂದ ಭಾಗಿಸಿದರೆ 0.15. ಈ ಭಾಗಲಬ್ಧ 0.5ಕ್ಕಿಂತ ಕಡಿಮೆ ಇದ್ದರೆ ನರಗಳೇ ಸೋತಿವೆ ಎಂಬ ಸೂಚನೆ. ಪಲ್ಸ್ 72ರಿಂದ 100ಕ್ಕೆ ಜಿಗಿದಿದ್ದರೆ ನರಗಳು ಕೆಲಸ ಮಾಡುತ್ತಿವೆ, ಮೈಯಲ್ಲಿ ನೀರು ಅಥವಾ ರಕ್ತವೇ ಕಡಿಮೆಯಾಗಿರಬಹುದು: ಭೇದಿ, ಜ್ವರ, ರಕ್ತಹೀನತೆ, ಹೊಟ್ಟೆಯೊಳಗಿನ ರಕ್ತಸ್ರಾವ. ಎದೆಬಡಿತ ಇಳಿಸುವ ಪ್ರೊಪ್ರನೊಲೊಲ್‌ನಂತಹ ಮಾತ್ರೆ ತೆಗೆದುಕೊಳ್ಳುವವರಿಗೆ ಮಾತ್ರ ಈ ಲೆಕ್ಕ ಹಿಡಿಯುವುದಿಲ್ಲ.

ಇದೇ ರೀತಿ ಬೆಳಗ್ಗೆ, ಲೆವೊಡೋಪಾ ಕೊಟ್ಟ ಒಂದು ಗಂಟೆಯ ಬಳಿಕ, ಮಧ್ಯಾಹ್ನದ ಊಟವಾದ ಒಂದು ಗಂಟೆಯ ಬಳಿಕ, ರಾತ್ರಿ ಮಲಗಿದ ಮೇಲೆ, ಹೀಗೆ ನಾಲ್ಕು ಹೊತ್ತು, ಒಂದು ವಾರ. ಶಾಲೆ ಮಕ್ಕಳ ಹಳೆ ನೋಟ್‌ಬುಕ್ಕಿನ ಎರಡು ಹಾಳೆ ಸಾಕು. ಈ ಹಾಳೆ ಇಲ್ಲದೆ ಡಾಕ್ಟರಲ್ಲಿಗೆ ಹೋದರೆ ಅವರ ಕೈಗೆ ಸಿಗುವುದು ಮತ್ತೆ ಅದೇ ಕುರ್ಚಿಯ ಬಿಪಿ.

ಮಾತ್ರೆಯ ಚೀಟಿಯನ್ನು ಹರಡಿ ನೋಡಿ

ಕಾಸರಗೋಡಿನವರ ಪಾಡೆಂದರೆ ನರರೋಗಕ್ಕೆ ಮಂಗಳೂರು, ಸಕ್ಕರೆಗೆ ಊರಿನ ಡಾಕ್ಟರು, ಮೂತ್ರಕ್ಕೆ ಇನ್ನೊಂದು ಆಸ್ಪತ್ರೆ. ಒಬ್ಬರ ಚೀಟಿ ಇನ್ನೊಬ್ಬರು ನೋಡಿರುವುದಿಲ್ಲ. ಎಲ್ಲ ಮಾತ್ರೆಗಳನ್ನೂ ಒಂದೇ ಕಾಗದದಲ್ಲಿ, ತೆಗೆದುಕೊಳ್ಳುವ ಗಂಟೆಯ ಸಮೇತ ಬರೆದು ಒಬ್ಬ ಡಾಕ್ಟರಿಗೆ ತೋರಿಸಿ.

ಬಿಪಿ ಇಳಿಸುವ ಸಾಮಾನ್ಯ ಆರೋಪಿಗಳು ಇವರು: ಹಿಂದೆ ಬಿಪಿ ಹೆಚ್ಚಿದ್ದ ಕಾಲದಿಂದ ನಡೆದುಬಂದ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ನೀರು ಹೋಗುವ ಮಾತ್ರೆಗಳು, ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್, ಆಲ್ಫುಜೋಸಿನ್, ಪ್ರಜೋಸಿನ್, ನಿದ್ದೆ ಅಥವಾ ನೋವಿಗೆಂದು ಕೊಟ್ಟ ಅಮಿಟ್ರಿಪ್ಟಿಲಿನ್, ಭ್ರಮೆಗೆ ಕೊಡುವ ಕ್ವೆಟಿಯಪಿನ್, ಎದೆನೋವಿನ ನೈಟ್ರೇಟ್. ಪಾರ್ಕಿನ್ಸನ್ ಔಷಧಗಳಲ್ಲೇ ಪ್ರಮಿಪೆಕ್ಸೋಲ್, ರೋಪಿನಿರೋಲ್ ಹೆಚ್ಚು ಇಳಿಸುತ್ತವೆ, ಲೆವೊಡೋಪಾ ಕೂಡ ಇಳಿಸುತ್ತದೆ. ಲೆವೊಡೋಪಾ ಜತೆ ಸೇರಿರುವ ಕಾರ್ಬಿಡೋಪಾದ ಪ್ರಮಾಣ ನೋಡಿ. 100+10 ಮಾತ್ರೆಯನ್ನು ದಿನಕ್ಕೆ ಮೂರು ತೆಗೆದುಕೊಂಡರೆ ಕಾರ್ಬಿಡೋಪಾ ಸಿಗುವುದು 30 ಮಿಲಿಗ್ರಾಂ ಮಾತ್ರ. ಲೆವೊಡೋಪಾ ಮಿದುಳಿಗೆ ತಲುಪುವ ಮೊದಲೇ ಮೈಯಲ್ಲಿ ಡೋಪಮಿನ್ ಆಗಿ ವಾಕರಿಕೆ ಬರಿಸುವುದನ್ನು, ನಾಳ ಸಡಿಲಿಸುವುದನ್ನು ತಡೆಯಲು ದಿನಕ್ಕೆ 70ರಿಂದ 100 ಮಿಲಿಗ್ರಾಂ ಬೇಕು. 100+25 ಮಾತ್ರೆಗೆ ಬದಲಿಸಬಹುದೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಆದರೆ ಇದಾವುದನ್ನೂ ಮನೆಯಲ್ಲೇ ನಿಲ್ಲಿಸುವಂತಿಲ್ಲ. ಲೆವೊಡೋಪಾ ಒಮ್ಮೆಲೇ ನಿಲ್ಲಿಸಿದರೆ ಮೈ ಕಟ್ಟಿಗೆಯಂತಾಗಿ, ಜ್ವರ ಏರಿ ಜೀವಕ್ಕೇ ಅಪಾಯವಾಗಬಹುದು. ರಕ್ತದ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್, ಬಿ12, ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್, ಸಕ್ಕರೆ ನೋಡಿಸಿ, ಇಸಿಜಿ ಒಂದು ಆಗಲಿ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದೂ ಇದೇ ನರಗಳನ್ನು ಕೆಡಿಸಿರುತ್ತದೆ.

ರಾತ್ರಿಯ ಮೂತ್ರ, ಮಂಚದ ತಲೆದೆಸೆ

ಇಡೀ ವಿಷಯದಲ್ಲಿ ಹೆಚ್ಚು ತಪ್ಪಾಗಿ ತಿಳಿಯಲಾಗುವ ಭಾಗ ಇದು. ಹಗಲು ನಿಂತು ಬಿಪಿ ಕಡಿಮೆಯಾಗುವ ಇವರಲ್ಲಿ ಅರ್ಧದಷ್ಟು ಮಂದಿಗೆ ಮಲಗಿದಾಗ ಬಿಪಿ ಏರುತ್ತದೆ. ಅಂಗಾತ ಮಲಗಿ ಐದು ನಿಮಿಷದ ಬಳಿಕ 140/90 ಅಥವಾ ಹೆಚ್ಚು ಬಂದರೆ ಏರಿದೆ ಎಂದೇ ಲೆಕ್ಕ. ಏರಿದ ಒತ್ತಡಕ್ಕೆ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹೊರಹಾಕುತ್ತದೆ. ರಾತ್ರಿ ಮೂರು ನಾಲ್ಕು ಸಲ ಏಳಬೇಕಾಗುತ್ತದೆ. ಮೈಯ ನೀರೆಲ್ಲ ಬಚ್ಚಲಿಗೆ ಹೋಗಿ, ಬೆಳಗ್ಗೆ ಏಳುವಾಗ ಬಿಪಿ ದಿನದಲ್ಲೇ ಅತಿ ಕಡಿಮೆ. ಹೊರಗಿನಿಂದ ನೋಡುವವರಿಗೆ ಇದು ಪ್ರಾಸ್ಟೇಟ್ ಎಂದು ಕಾಣುತ್ತದೆ, ಟ್ಯಾಮ್ಸುಲೋಸಿನ್ ಸೇರಿಕೊಳ್ಳುತ್ತದೆ, ಅದು ನಿಂತಾಗಿನ ಬಿಪಿಯನ್ನು ಮತ್ತೂ ಇಳಿಸುತ್ತದೆ, ನಡುರಾತ್ರಿ ಬಚ್ಚಲ ದಾರಿಯಲ್ಲಿ ಬೀಳುತ್ತಾರೆ. ಕೆಲವರಿಗೆ ಪ್ರಾಸ್ಟೇಟ್ ನಿಜವಾಗಿಯೂ ಇರುತ್ತದೆ. ಆದರೂ ರಾತ್ರಿ ಮಲಗಿದಾಗಿನ ಬಿಪಿ ಅಳೆಯದೆ ಆ ತೀರ್ಮಾನಕ್ಕೆ ಬರಬಾರದು.

ಮೊದಲ ಮದ್ದು ಮಂಚ. ಮಂಚದ ತಲೆಯ ಕಡೆಯ ಎರಡೂ ಕಾಲುಗಳ ಕೆಳಗೆ ಕಟ್ಟೆ ಇಟ್ಟು 15ರಿಂದ 22 ಸೆಂಟಿಮೀಟರ್ ಎತ್ತರಿಸಿ. ಎರಡು ಮೂರು ತಲೆದಿಂಬು ಇಟ್ಟರೆ ಕುತ್ತಿಗೆ ಬಾಗುತ್ತದೆಯೇ ಹೊರತು ಪ್ರಯೋಜನವಾಗದು. ತಲೆಯಿಂದ ಕಾಲಿನವರೆಗೆ ಮೈ ಒಂದೇ ಇಳಿಜಾರಿನಲ್ಲಿರಬೇಕು, ಆಗಲೇ ಮೂತ್ರಪಿಂಡಕ್ಕೆ ಒತ್ತಡ ತಗ್ಗುತ್ತದೆ. ಅಂಗಳದ ಕೆಂಪುಕಲ್ಲು ತಂದು ಇಡುವವರಿದ್ದಾರೆ, ಅದು ಅಂಚು ಉದುರಿ ಮಂಚ ಜಾರುತ್ತದೆ. ಬಡಗಿಯಿಂದ ಗಟ್ಟಿ ಮರದ ಎರಡು ಕಟ್ಟೆ ಮಾಡಿಸಿ, ಮಂಚದ ಕಾಲು ಕೂರುವಷ್ಟು ಎರಡು ಸೆಂಟಿಮೀಟರ್ ಗುಳಿ ತೋಡಿಸಿ. ಮೊದಲ ವಾರ ಅರ್ಧ ಎತ್ತರ, ಆಮೇಲೆ ಪೂರ್ತಿ. ಕೆಳಕ್ಕೆ ಜಾರುತ್ತೇನೆ ಎನ್ನುತ್ತಾರೆ, ನಿಜವೇ. ಕಾಲಡಿಗೆ ಸುತ್ತಿದ ಕಂಬಳಿ ಇಡಿ, ಜಾರುವ ನೈಲಾನ್ ಹಾಸು ಬೇಡ, ಹತ್ತಿಯದು ಹಾಸಿ. ಚಾಪೆಯಲ್ಲೇ ಮಲಗಿ ರೂಢಿಯಾದವರಿಗೆ ನೆಲದಿಂದ ಏಳುವುದೇ ಬಿಪಿಗೆ ಏಟು, ಅವರನ್ನು ಮಂಚಕ್ಕೆ ಬದಲಿಸುವುದೇ ಸರಿ. ಎತ್ತರಿಸಲು ಬರುವ ಆಸ್ಪತ್ರೆ ಮಂಚ ಬೇಕಿದ್ದರೆ ಪಂಚಾಯತಿನ ಪಾಲಿಯೇಟಿವ್ (ಸಾಂತ್ವನ ಆರೈಕೆ) ತಂಡವನ್ನು ವಿಚಾರಿಸಿ. ಕೇರಳದಲ್ಲಿ ಇಂತಹ ಸಾಮಾನು ಎರವಲು ಸಿಗುವುದುಂಟು, ಆಶಾ ಕಾರ್ಯಕರ್ತೆಯ ಮೂಲಕವೇ ಕೇಳಬಹುದು.

ಹಗಲು ಅಂಗಾತ ಮಲಗಿಸಬೇಡಿ, ಮಧ್ಯಾಹ್ನದ ನಿದ್ದೆ ಆರಾಮ ಕುರ್ಚಿಯಲ್ಲಿ ಆಗಲಿ. ಮಲಗುವ ಎರಡು ಗಂಟೆ ಮೊದಲು ನೀರು ಕುಡಿಯುವುದನ್ನು ನಿಲ್ಲಿಸಿ. ಮಲಗುವ ಮೊದಲು ಒಂದು ಬಾಳೆಹಣ್ಣೋ ಎರಡು ಬಿಸ್ಕತ್ತೋ ತಿಂದರೆ ರಾತ್ರಿಯ ಬಿಪಿ ತುಸು ತಗ್ಗುತ್ತದೆ. ಹಗಲು ಬಿಪಿ ಇಳಿಸಿ ಕೇಡು ಮಾಡುವ ಪಿಷ್ಟವೇ ರಾತ್ರಿ ಉಪಕಾರಿ. ಯೂರಿನ್ ಪಾಟ್ ಮಂಚದ ಪಕ್ಕದಲ್ಲಿರಲಿ, ಮಂಚದ ಅಂಚಿನಲ್ಲಿ ಕೂತೇ ಮುಗಿಸಲಿ. ಇದಕ್ಕೆ ನಾಚಿಕೆಪಟ್ಟು ಕತ್ತಲಲ್ಲಿ ಎದ್ದು ಹೋಗಿ ಸೊಂಟದ ಎಲುಬು ಮುರಿದುಕೊಂಡರೆ ಮತ್ತೆ ನಡೆದಾಡುವುದು ಕಷ್ಟ.

ಬೆಳಗ್ಗೆ ಏಳುವುದು

ಮಂಚದ ಪಕ್ಕದಲ್ಲಿ ರಾತ್ರಿಯೇ ಅರ್ಧ ಲೀಟರ್ ನೀರು ಇಟ್ಟಿರಿ. ಎಚ್ಚರವಾದ ಮೇಲೆ ಪಾದಗಳನ್ನು ಮೇಲೆ ಕೆಳಗೆ 20–30 ಸಲ ಆಡಿಸಿ, ಮುಷ್ಟಿ ಬಿಗಿದು ಬಿಡಿಸಿ. ಒಂದು ಮಗ್ಗುಲಿಗೆ ಹೊರಳಿ, ಕಾಲು ಇಳಿಬಿಟ್ಟು ಕೂತು, ಆ ಅರ್ಧ ಲೀಟರನ್ನೂ ಮೂರು ನಾಲ್ಕು ನಿಮಿಷದೊಳಗೆ ಕುಡಿಯಿರಿ. ಗುಟುಕು ಗುಟುಕಾಗಿ ಗಂಟೆಗಟ್ಟಲೆ ಕುಡಿದರೆ ಈ ಕೆಲಸ ಆಗದು. ಒಮ್ಮೆಲೇ ಹೊಟ್ಟೆಗೆ ಹೋದ ಸಾದಾ ನೀರು ನರಗಳನ್ನು ಕೆರಳಿಸಿ ಬಿಪಿ ಏರಿಸುತ್ತದೆ. ಐದಾರು ನಿಮಿಷದಲ್ಲಿ ಶುರುವಾಗಿ, ಅರ್ಧ ಗಂಟೆಗೆ ಪೂರ್ಣವಾಗಿ, ಸುಮಾರು ಒಂದು ಗಂಟೆ ಇರುತ್ತದೆ. ಮಾತ್ರೆಗಳಿಲ್ಲದ ಉಪಾಯಗಳಲ್ಲಿ ಇದಕ್ಕೆ ಸಮನಾದುದು ಇನ್ನೊಂದಿಲ್ಲ. ಕುಡಿಯುವಾಗ ಕೆಮ್ಮು, ನೆತ್ತಿಗೇರುವುದು ಇರುವವರಿಗೆ ಮಾತ್ರ ಅವಸರ ಮಾಡಬೇಡಿ, ನೀರು ಶ್ವಾಸಕ್ಕೆ ಹೋದೀತು. ಹೃದಯ ಸೋತವರು, ಮೂತ್ರಪಿಂಡದ ತೊಂದರೆಯವರು ಡಾಕ್ಟರನ್ನು ಕೇಳಿಯೇ ಮಾಡಬೇಕು.

ಎರಡು ಮೂರು ನಿಮಿಷ ಕೂತ ಮೇಲೆ ಏಳಿ. ಎದ್ದ ಕೂಡಲೆ ನಡೆಯಬೇಡಿ. ಮಂಚ ಹಿಡಿದು ನಿಂತಲ್ಲೇ ಕಾಲು ಎತ್ತಿಳಿಸಿ. ಈ ನಿಧಾನ ಯಾಕೆಂದರೆ, ಬಿಪಿ ಎದ್ದ ಕ್ಷಣದಲ್ಲೇ ಪೂರ್ತಿ ಇಳಿಯುವುದಿಲ್ಲ, ಎರಡು ಮೂರು ನಿಮಿಷ ಇಳಿಯುತ್ತಲೇ ಹೋಗುತ್ತದೆ. ಆದ್ದರಿಂದ ಬೀಳುವುದು ಮಂಚದ ಪಕ್ಕದಲ್ಲಲ್ಲ, ಅಡುಗೆಮನೆಯ ಹೊಸ್ತಿಲಲ್ಲಿ ಅಥವಾ ಜಗಲಿಯ ಮೆಟ್ಟಿಲಲ್ಲಿ. ಹೊಸ್ತಿಲು ಎಡವಿದರು ಎಂದೇ ಎಲ್ಲರೂ ತಿಳಿಯುತ್ತಾರೆ. ಆ ದಾರಿಯ ನಡುವೆ ಗೋಡೆಗೆ ತಾಗಿಸಿ ಮರದ ಬೆಂಚೋ ಭಾರದ ಕುರ್ಚಿಯೋ ಇಡಿ. ಹಗುರ ಪ್ಲಾಸ್ಟಿಕ್ ಕುರ್ಚಿ ಹಿಡಿದರೆ ಅದೂ ಜತೆಗೆ ಉರುಳುತ್ತದೆ.

ನಿಂತಿದ್ದಾಗ ಕಣ್ಣು ಮಸುಕಾದರೆ ಏನಾದರೂ ಹಿಡಿದುಕೊಂಡು ತೊಡೆ, ಪೃಷ್ಠ, ಹೊಟ್ಟೆಯ ಸ್ನಾಯುಗಳನ್ನು ಅರ್ಧ ನಿಮಿಷ ಬಿಗಿಹಿಡಿಯಿರಿ, ತುದಿಗಾಲಲ್ಲಿ ಎದ್ದು ಇಳಿಯಿರಿ. ಕಾಲು ಮೇಲೆ ಕಾಲು ಹೆಣೆದು ನಿಲ್ಲುವ ಉಪಾಯವನ್ನೂ ಹೇಳುವುದುಂಟು, ಆದರೆ ಸಮತೋಲ ತಪ್ಪುವ ಪಾರ್ಕಿನ್ಸನ್‌ನವರಿಗೆ ಅದು ಕೂತಿದ್ದಾಗ ಮಾತ್ರ ಸರಿ. ಅಂಗಳದಲ್ಲಿ ಬಗ್ಗಿ ಅಡಿಕೆ ಹೆಕ್ಕುವುದು, ತುದಿಗಾಲಲ್ಲಿ ಕೂತು ಸುಲಿಯುವುದು, ದೇವಸ್ಥಾನದಲ್ಲಿ ಸಾಷ್ಟಾಂಗ ಬಿದ್ದು ಥಟ್ಟನೆ ಏಳುವುದು, ನಮಾಜಿನಲ್ಲಿ ಸುಜೂದಿನಿಂದ ಏಳುವುದು ಎಲ್ಲವೂ ಒಂದೇ ಅಪಾಯ. ಕುರ್ಚಿಯಲ್ಲಿ ಕೂತು ಮಾಡಬಹುದಾದ್ದನ್ನು ಕೂತೇ ಮಾಡಿ.

ಊಟ, ಉಪ್ಪು, ಸ್ನಾನ

ಊಟವಾದ ಅರ್ಧದಿಂದ ಎರಡು ಗಂಟೆಯೊಳಗೆ ರಕ್ತ ಕರುಳಿನ ಕಡೆ ಹರಿದು ಬಿಪಿ ಇಳಿಯುತ್ತದೆ. ಅನ್ನ, ಸಕ್ಕರೆ ಹೆಚ್ಚಾದಷ್ಟೂ ಇಳಿತ ಹೆಚ್ಚು. ಮಧ್ಯಾಹ್ನದ ಕುಚ್ಚಲಕ್ಕಿ ಅನ್ನವನ್ನು ಅರ್ಧ ಮಾಡಿ, ಪಲ್ಯ ಹೆಚ್ಚಿಸಿ, ಉಳಿದರ್ಧವನ್ನು ನಾಲ್ಕು ಗಂಟೆಗೆ ಕೊಡಿ. ಬೆಳಗ್ಗೆ ಆರೇಳು ನೀರುದೋಸೆಯನ್ನು ಬೆಲ್ಲ–ಕಾಯಿಯ ಜತೆ ತಿನ್ನಿಸುವ ಬದಲು ಮೂರು, ಎರಡು ಗಂಟೆ ಬಿಟ್ಟು ಇನ್ನೆರಡು. ಊಟಕ್ಕೆ ಕಾಲು ಗಂಟೆ ಮೊದಲು ಎರಡು ಲೋಟ ನೀರು, ಹಗಲಾದರೆ ಒಂದು ಕಾಫಿಯೂ ಆಗಬಹುದು, ಸಂಜೆಯ ಮೇಲೆ ಬೇಡ. ಕಳ್ಳು, ಮದ್ಯ ನಾಳಗಳನ್ನು ಸಡಿಲಿಸುತ್ತವೆ. ಲೆವೊಡೋಪಾವನ್ನು ಊಟಕ್ಕೆ ಅರ್ಧ ಗಂಟೆ ಮೊದಲು ಕೊಡುವುದು ವಾಡಿಕೆ, ಹಾಗೆ ಕೊಟ್ಟಾಗ ಮಾತ್ರೆಯ ಇಳಿತವೂ ಊಟದ ಇಳಿತವೂ ಒಂದೇ ಹೊತ್ತಿಗೆ ಬೀಳುತ್ತವೆ. ಆ ಒಂದು ಗಂಟೆ ಕೂತೇ ಇರಲಿ. ಮದುವೆ ಮನೆ ಇದೆಲ್ಲದರ ಪರಿಷೆ: ಸೆಕೆ, ಜನ, ನಿಂತು ಕಾಯುವುದು, ನೆಲದಲ್ಲಿ ಕೂತು ಬಾಳೆಲೆ ಊಟ, ಎರಡು ಬಗೆ ಪಾಯಸ, ಕೈ ತೊಳೆಯಲು ಥಟ್ಟನೆ ಏಳುವುದು. ಮೇಜಿನ ಪಂಕ್ತಿಯಲ್ಲೇ ಕೂರಿಸಿ, ಉಂಡ ಮೇಲೆ ಅಲ್ಲೇ ಪಕ್ಕದ ಕುರ್ಚಿಗೆ ಸರಿಸಿ.

ಉಪ್ಪಿನ ವಿಷಯಕ್ಕೆ ಬಂದರೆ ಟಿವಿಯಲ್ಲಿ, ಗೋಡೆ ಬರಹದಲ್ಲಿ ಕೇಳುವ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಎಂಬ ಮಾತು ಇವರಿಗೆ ಅನ್ವಯಿಸದೆ ಇರಬಹುದು. ಹೃದಯ, ಮೂತ್ರಪಿಂಡ ಸರಿಯಿದ್ದು, ಮಲಗಿದಾಗ ಬಿಪಿ ವಿಪರೀತ ಏರದವರಿಗೆ ಡಾಕ್ಟರು ದಿನಕ್ಕೆ ಒಟ್ಟು 6ರಿಂದ 10 ಗ್ರಾಂ ಉಪ್ಪು ಹೇಳುವುದುಂಟು. ಒಂದು ಟೀ ಚಮಚ ಮಟ್ಟವಾಗಿ ತುಂಬಿದರೆ 5–6 ಗ್ರಾಂ. ಕಾಲು ಚಮಚ ಹಾಕಿದ ನೀರು ಮಜ್ಜಿಗೆ ಬೆಳಗ್ಗೆ ಹತ್ತಕ್ಕೊಂದು, ಮಧ್ಯಾಹ್ನಕ್ಕೊಂದು. ಗಂಜಿಯ ಜತೆ ಉಪ್ಪಿನಕಾಯಿ, ಹಪ್ಪಳ, ಉಪ್ಪಿನಸೊಳೆಯ ಪಲ್ಯ. ನಮ್ಮ ಅಡುಗೆಮನೆಯಲ್ಲಿ ಉಪ್ಪಿಗೆ ಬರಗಾಲವಿಲ್ಲ. ಸಂಜೆ ಆರರ ಮೇಲೆ ಹೆಚ್ಚುವರಿ ಉಪ್ಪು ಬೇಡ. ನೀರು ಇಡೀ ದಿನಕ್ಕೆ ಎರಡು, ಎರಡೂವರೆ ಲೀಟರ್. ಏಪ್ರಿಲ್–ಮೇ ಸೆಕೆಯಲ್ಲಿ ಬೆವರಿಗೆ ತಕ್ಕಂತೆ ಇನ್ನೂ ಅರ್ಧ ಲೀಟರ್.

ಹಂಡೆಯ ಬಿಸಿನೀರು ಮೈಮೇಲೆ ಹುಯ್ದುಕೊಳ್ಳುವ ಸುಖ ದೊಡ್ಡದು, ಆದರೆ ಬಿಸಿಗೆ ಚರ್ಮದ ನಾಳಗಳೆಲ್ಲ ಹಿಗ್ಗುತ್ತವೆ. ಉಗುರುಬೆಚ್ಚಗಿನ ನೀರು, ಸ್ಟೂಲಿನಲ್ಲಿ ಕೂತು ಸ್ನಾನ, ಮೈ ಒರೆಸುವುದೂ ಕೂತೇ, ಬಾಗಿಲಿಗೆ ಒಳಗಿನಿಂದ ಚಿಲಕ ಬೇಡ. ದೀಪಾವಳಿಯ ಎಣ್ಣೆಸ್ನಾನ ಬಿಡಲಾರೆ ಎನ್ನುವವರಿಗೆ ಎಣ್ಣೆ ಇರಲಿ, ನೀರಿನ ಬಿಸಿ ಮಾತ್ರ ಕಡಿಮೆಯಾಗಲಿ. ಕುಕ್ಕರಗಾಲಲ್ಲಿ ಕೂರುವ ಕಕ್ಕಸಿನಲ್ಲಿ ಮುಕ್ಕಿ ಎದ್ದರೆ ಬಿಪಿ ಕುಸಿಯುತ್ತದೆ. ಕಮೋಡ್ ಇಲ್ಲದಿದ್ದರೆ ಅದರ ಮೇಲೆ ಇಡುವ ತೂತಿನ ಕುರ್ಚಿ ಸಿಗುತ್ತದೆ. ಮಲಬದ್ಧತೆಗೆ ಪ್ರತ್ಯೇಕವಾಗಿ ಚಿಕಿತ್ಸೆ ಮಾಡಿಸಿ.

ಪಟ್ಟಿ ಮತ್ತು ಮಾತ್ರೆ

ಸೊಂಟದವರೆಗಿನ ಬಿಗಿ ಕಾಲುಚೀಲ ಒಳ್ಳೆಯದು ಎಂಬುದು ನಿಜ, ಆದರೆ ನಮ್ಮ ಕರಾವಳಿಯ ಬೆವರಿನಲ್ಲಿ, ನಡುಗುವ ಬೆರಳುಗಳಲ್ಲಿ ಅದನ್ನು ದಿನಾ ಹಾಕುವವರು ಅಪರೂಪ. ಮೊಣಕಾಲಿನವರೆಗಿನದು ಅಷ್ಟು ಪ್ರಯೋಜನವಿಲ್ಲ, ರಕ್ತ ಹೆಚ್ಚು ನಿಲ್ಲುವುದು ಹೊಟ್ಟೆಯಲ್ಲಿ. ಹೆರಿಗೆಯ ಬಳಿಕ ಕಟ್ಟುವ ಹೊಟ್ಟೆಪಟ್ಟಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಮೊದಲು ಅದನ್ನೇ ಪ್ರಯತ್ನಿಸಿ. ಮಲಗಿದ್ದಾಗಲೇ, ಪಕ್ಕೆಲುಬಿನ ಕೆಳಗಿನಿಂದ ಸೊಂಟದ ಎಲುಬಿನವರೆಗೆ, ಉಸಿರಿಗೆ ಕಷ್ಟವಾಗದಷ್ಟು ಬಿಗಿಯಾಗಿ ಕಟ್ಟಿ. ಎದ್ದ ಮೇಲೆ ಕಟ್ಟಿದರೆ ರಕ್ತ ಆಗಲೇ ಇಳಿದಾಗಿರುತ್ತದೆ. ಮಲಗುವಾಗ ಬಿಚ್ಚಿಬಿಡಿ.

ಇವೆಲ್ಲ ಮೂರು ನಾಲ್ಕು ವಾರ ಮಾಡಿಯೂ ಸಾಲದಿದ್ದರೆ ಡಾಕ್ಟರು ಮಾತ್ರೆ ಸೇರಿಸುತ್ತಾರೆ. ಮಿಡೋಡ್ರಿನ್ ಕೊಟ್ಟರೆ ಸಾಮಾನ್ಯವಾಗಿ 2.5 ಮಿಲಿಗ್ರಾಂನಿಂದ ಶುರು, ದಿನಕ್ಕೆ ಎರಡು ಮೂರು ಸಲ. ಅದು ನಾಲ್ಕು ಗಂಟೆಯಷ್ಟು ನಾಳ ಬಿಗಿಯುತ್ತದೆ, ಆ ಹೊತ್ತು ಅಂಗಾತ ಮಲಗಿದರೆ ಬಿಪಿ ಅಪಾಯದ ಮಟ್ಟಕ್ಕೆ ಏರಬಹುದು. ಕೊನೆಯ ಮಾತ್ರೆ ಮಲಗುವ ನಾಲ್ಕು ಗಂಟೆ ಮೊದಲೇ ಮುಗಿದಿರಬೇಕು. ತಲೆಯ ಚರ್ಮದಲ್ಲಿ ಇರುವೆ ಹರಿದಂತೆ ಜುಮ್ಮೆನ್ನುವುದು ಅದರ ಗುಣ, ಹೆದರಬೇಕಾಗಿಲ್ಲ. ಮೂತ್ರ ಕಟ್ಟಿದರೆ ತಕ್ಷಣ ತಿಳಿಸಿ. ಫ್ಲುಡ್ರೋಕಾರ್ಟಿಸೋನ್ 0.1 ಮಿಲಿಗ್ರಾಂ ಉಪ್ಪನ್ನು ಮೈಯಲ್ಲಿ ಹಿಡಿದಿಡುತ್ತದೆ, ಪರಿಣಾಮಕ್ಕೆ ಒಂದೆರಡು ವಾರ ಬೇಕು, ಕಾಲು ಬಾಯುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಆಗಾಗ ರಕ್ತ ಪರೀಕ್ಷೆ ಬೇಕು. ಯಾವ ಮಾತ್ರೆ ಬದಲಾದರೂ ಒಂದು ವಾರದ ನಾಲ್ಕು ಹೊತ್ತಿನ ಲೆಕ್ಕ ಮತ್ತೆ ಹೊಸದಾಗಿ ಬರೆಯಿರಿ.

ಪ್ರಜ್ಞೆ ತಪ್ಪಿದರೆ

ಎತ್ತಿ ಕುರ್ಚಿಯಲ್ಲಿ ಕೂರಿಸಬೇಡಿ. ಸುತ್ತಲಿದ್ದವರು ಪ್ರೀತಿಯಿಂದ ಮಾಡುವ ಈ ಕೆಲಸವೇ ತಲೆಗೆ ರಕ್ತ ಹೋಗದಂತೆ ತಡೆಯುತ್ತದೆ. ಇದ್ದಲ್ಲೇ ನೆಲದಲ್ಲಿ ಮಲಗಿಸಿ, ಕಾಲುಗಳನ್ನು ಕುರ್ಚಿಯ ಮೇಲೆ ಎತ್ತಿಡಿ, ಹೊಟ್ಟೆಪಟ್ಟಿ ಇದ್ದರೆ ಇರಲಿ. ಬಾಯಿಗೆ ನೀರು, ಸೋಡ, ಕಾಫಿ ಹುಯ್ಯಬೇಡಿ. ಬಿಪಿಯಿಂದಾದರೆ ಒಂದೆರಡು ನಿಮಿಷದಲ್ಲಿ ಕಣ್ಣು ಬಿಡುತ್ತಾರೆ. ಬಿಟ್ಟ ಮೇಲೂ ಹತ್ತು ನಿಮಿಷ ಮಲಗಿರಲಿ, ಆಮೇಲೆ ಪೂರ್ತಿ ಎಚ್ಚರವಿದ್ದರೆ ಕೂರಿಸಿ ನೀರು ಕೊಡಿ.

ಕಣ್ಣು ಬಿಡದಿದ್ದರೆ, ಎದೆನೋವು ಇದ್ದರೆ, ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ, ಕೂತಿದ್ದಾಗ ಅಥವಾ ಮಲಗಿದ್ದಾಗಲೇ ಪ್ರಜ್ಞೆ ತಪ್ಪಿದ್ದರೆ, ಮಲ ಕಪ್ಪಾಗಿ ಹೋಗುತ್ತಿದ್ದರೆ 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟಾಗಿದ್ದು ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಬಿದ್ದ ಗಂಟೆ, ಅದಕ್ಕೆ ಮೊದಲು ತಿಂದದ್ದು, ಕೊನೆಯ ಮಾತ್ರೆ ಕೊಟ್ಟ ಹೊತ್ತು, ಎದ್ದು ಎಷ್ಟು ಹೊತ್ತಾಗಿತ್ತು, ಇಷ್ಟನ್ನು ಅದೇ ನೋಟ್‌ಬುಕ್ಕಿನಲ್ಲಿ ಆ ದಿನದ ಬಿಪಿಯ ಸಾಲಿನ ಕೆಳಗೆ ಬರೆಯಿರಿ.